ಯಾರೋ ಹೊಂದಿಸಿಟ್ಟ ನಾದ

ಗಿಟಾರು ನುಡಿಸುವ ಇಂದಿನ ತರುಣರ ಕೋಣೆಯಲ್ಲಿ ಹಿಂದಿನಂತೆ ದೊಡ್ಡ ಧ್ವನಿವರ್ಧಕಗಳಾಗಲಿ, ಕಾಲಿನಿಂದ ಒತ್ತುವ ಪೆಡಲುಗಳ ಸಾಲಾಗಲಿ ಕಾಣಸಿಗುವುದು ಕಡಿಮೆಯಾಗುತ್ತಿದೆ. ತಂತಿಯಿಂದ ಹೊರಟ ನಾದವು ಅಂಗೈಯಗಲದ ಪೆಟ್ಟಿಗೆಯೊಂದರ ಮೂಲಕ ಗಣಕಯಂತ್ರವನ್ನು ಹೊಕ್ಕು, ಅಲ್ಲಿನ ತಂತ್ರಾಂಶದಲ್ಲಿ ಸಂಸ್ಕಾರಗೊಂಡು, ಬೇಕಾದ ಬಣ್ಣ ತಳೆದು ಕಿವಿಗೆ ಬರುತ್ತದೆ. ಆ ತಂತ್ರಾಂಶವನ್ನು ತೆರೆದೊಡನೆ ಕಣ್ಣಿಗೆ ಬೀಳುವುದು ಹೆಸರುಗಳ ಒಂದು ಉದ್ದನೆಯ ಪಟ್ಟಿ. ಒಂದನ್ನು ಒತ್ತಿದರೆ ಗುಡುಗಿನಂತಹ ನಾದ, ಇನ್ನೊಂದನ್ನು ಒತ್ತಿದರೆ ಗಾಜಿನ ಬಟ್ಟಲನ್ನು ಮಿಡಿದಂತಹ ನಾದ, ಮತ್ತೊಂದಕ್ಕೆ ದೊಡ್ಡ ಇಗರ್ಜಿಯೊಳಗೆ ನುಡಿಸಿದಂತಹ ಮಾರ್ದನಿ. ಇವುಗಳಿಗೆ ಪ್ರೀಸೆಟ್ ಎಂದು ಹೆಸರು. ಯಾರೋ ಒಬ್ಬ ನುರಿತ ತಂತ್ರಜ್ಞನು ಎಲ್ಲೋ ಕುಳಿತು, ಹತ್ತಾರು ಗುಂಡಿಗಳನ್ನು ತನ್ನ ಕಿವಿಗೆ ಒಪ್ಪುವಂತೆ ತಿರುಗಿಸಿ, ಆ ಸ್ಥಿತಿಗೆ ಒಂದು ಹೆಸರಿಟ್ಟು ಉಳಿಸಿದ ಸಿದ್ಧ ಜೋಡಣೆ ಅದು. ಬೇಡವೆನಿಸಿದರೆ ಆ ಗುಂಡಿಗಳನ್ನು ನಾವೇ ಒಂದೊಂದಾಗಿ ತಿರುಗಿಸಿಕೊಳ್ಳಲೂ ಅವಕಾಶವಿದೆ. ಸಿದ್ಧ ಜೋಡಣೆಯೇ ಸಾಕೇ, ಕೈಯಾರೆ ಹೊಂದಿಸಿಕೊಳ್ಳಬೇಕೇ ಎಂಬುದು ಆ ತರುಣರ ನಡುವೆ ಮುಗಿಯದ ಚರ್ಚೆ.

ಇಂತಹ ವಿಷಯಕ್ಕೂ ಈ ಪತ್ರಿಕೆಯ ಪುಟಗಳಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ಸಂಗೀತವಿಚಾರ ನಮ್ಮ ಪರಂಪರೆಗೆ ಹೊರಗಿನದೇನಲ್ಲ. ಸುಮಾರು ಹದಿಮೂರನೆಯ ಶತಮಾನದ ಪಾರ್ಶ್ವದೇವನ ‘ಸಂಗೀತಸಮಯಸಾರ’ವೂ, 1350ರಲ್ಲಿ ಸುಧಾಕಲಶನು ರಚಿಸಿದ ‘ಸಂಗೀತೋಪನಿಷತ್ಸಾರೋದ್ಧಾರ’ವೂ ಜೈನ ಗ್ರಂಥಕಾರರ ಕೃತಿಗಳೇ. ಆದರೆ ನಾನು ಬರೆಯಹೊರಟಿರುವುದು ಶಾಸ್ತ್ರವನ್ನಲ್ಲ. ದಂಡಿಗನಹಳ್ಳಿಯ ನಮ್ಮ ಮನೆಯಲ್ಲಿ, ನಮ್ಮ ತಾಯಿಯವರು ಹಾಡಿದ ಒಂದು ಕ್ಯಾಸೆಟ್ಟಿನ ನಿಮಿತ್ತ ಎದ್ದ ಪ್ರಶ್ನೆಯೊಂದನ್ನು. ಇನ್ನೊಬ್ಬರು ಮಾಡಿಟ್ಟ ತೀರ್ಮಾನವನ್ನು ನಮ್ಮದೆಂದು ಒಪ್ಪಿಕೊಂಡು ನಡೆಯಬಹುದಾದುದು ಎಲ್ಲಿಯವರೆಗೆ ಎಂಬುದು ಆ ಪ್ರಶ್ನೆ.

ಮೊದಲು ಸಿದ್ಧ ಜೋಡಣೆಯ ಹುಟ್ಟನ್ನು ಸ್ವಲ್ಪ ನೋಡೋಣ. ವಿದ್ಯುತ್ ವಾದ್ಯಗಳ ಆರಂಭದ ದಿನಗಳಲ್ಲಿ ಒಂದು ನಾದವನ್ನು ಹೊಂದಿಸಿದ ಮೇಲೆ ಅದನ್ನು ನೆನಪಿಟ್ಟುಕೊಳ್ಳಲು ಇದ್ದ ಉಪಾಯ ಕಾಗದ ಮತ್ತು ಪೆನ್ಸಿಲು ಮಾತ್ರ. ಯಾವ ಗುಂಡಿ ಎಷ್ಟು ತಿರುಗಿತ್ತು ಎಂಬುದನ್ನು ಚಿತ್ರ ಬರೆದಿಟ್ಟುಕೊಳ್ಳುತ್ತಿದ್ದರು. 1978ರಲ್ಲಿ ಅಮೆರಿಕದ ಡೇವ್ ಸ್ಮಿತ್ ಎಂಬವರ ಸಂಸ್ಥೆ ಹೊರತಂದ ‘ಪ್ರಾಫೆಟ್-5’ ಎಂಬ ಕೀಲಿಮಣೆ ವಾದ್ಯ 40 ಜೋಡಣೆಗಳನ್ನು ತನ್ನ ಸ್ಮರಣೆಯಲ್ಲೇ ಇಟ್ಟುಕೊಳ್ಳಬಲ್ಲದಾಗಿತ್ತು. ಬೇಕೆಂದಾಗ ಒಂದು ಗುಂಡಿ ಒತ್ತಿದರೆ ಹಳೆಯ ನಾದ ಮರಳಿ ಬರುವುದು. ವೇದಿಕೆಯ ಮೇಲೆ ನುಡಿಸುವವರಿಗೆ ಇದು ದೊಡ್ಡ ಉಪಕಾರ. 1983ರಲ್ಲಿ ಜಪಾನಿನ ಯಮಾಹಾ ಸಂಸ್ಥೆಯ ‘ಡಿಎಕ್ಸ್-7’ ಬಂದಾಗ ಕತೆ ಬೇರೆ ದಿಕ್ಕು ಹಿಡಿಯಿತು. ಆ ವಾದ್ಯದಲ್ಲಿ ಹೊಸ ನಾದವನ್ನು ಕಟ್ಟುವ ಕ್ರಮ ಎಷ್ಟು ಜಟಿಲವಾಗಿತ್ತೆಂದರೆ, ಕೊಂಡವರಲ್ಲಿ ಬಹುಪಾಲು ಮಂದಿ ಕಾರ್ಖಾನೆಯಲ್ಲಿ ತುಂಬಿ ಕಳುಹಿಸಿದ ನಾದಗಳನ್ನೇ ಬಳಸಿದರು. ಆ ದಶಕದ ಜನಪ್ರಿಯ ಗೀತೆಗಳಲ್ಲಿ ದೇಶದೇಶಗಳ ಗಡಿ ದಾಟಿ ಒಂದೇ ಪಿಯಾನೋ ನಾದ ಕೇಳಿಬರುವುದಕ್ಕೆ ಕಾರಣ ಅದು. ನುಡಿಸಿದವರು ಬೇರೆ, ರಾಗ ಬೇರೆ, ನಾದದ ಬಣ್ಣ ಮಾತ್ರ ಒಂದೇ.

ಗಿಟಾರಿಗೆ ಈ ಸೌಕರ್ಯ ತಡವಾಗಿ ಬಂದಿತು. ಲೈನ್ 6 ಎಂಬ ಸಂಸ್ಥೆಯ ‘ಪಾಡ್’ ಎಂಬ, ಹುರುಳಿಕಾಯಿ ಬೀಜದ ಆಕಾರದ ಕೆಂಪು ಪೆಟ್ಟಿಗೆ 1998ರಲ್ಲಿ ಪ್ರಸಿದ್ಧವಾಯಿತು. 2002ರಲ್ಲಿ ‘ಆಂಪ್ಲಿಟ್ಯೂಬ್’, 2004ರಲ್ಲಿ ‘ಗಿಟಾರ್ ರಿಗ್’ ಎಂಬ ತಂತ್ರಾಂಶಗಳು ಬಂದವು. ನಮ್ಮ ಪ್ರಾಯದವರಿಗೆ ಗಿಟಾರೆಂದರೆ 1981ರ ‘ಗೀತಾ’ ಚಿತ್ರದಲ್ಲಿ ಅದನ್ನು ಹಿಡಿದು ನಿಂತ ಶಂಕರ್ ನಾಗ್ ಅವರ ನೆನಪು. ಆ ವಾದ್ಯದ ಬೆನ್ನ ಹಿಂದೆ ಇಷ್ಟೆಲ್ಲ ಯಂತ್ರವ್ಯವಹಾರ ಬೆಳೆದಿದೆ ಎಂಬುದು ನನಗೆ ತಿಳಿದದ್ದು ನನ್ನ ತಮ್ಮನ ಮಗನಿಂದ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಆತ ಹದಿನೈದು ವರ್ಷಗಳಿಂದ ಗಿಟಾರು ನುಡಿಸುತ್ತಾನೆ.

ನಮ್ಮ ಸಂಪ್ರದಾಯದ ವಾದ್ಯಗಳಲ್ಲಿಯೂ ಈ ಎರಡು ದಾರಿಗಳಿವೆ. ತಂಬೂರಿಯನ್ನು ಶ್ರುತಿಗೆ ತರುವುದೆಂದರೆ ಬಿರಡೆಯನ್ನು ತಿರುಗಿಸುವುದಷ್ಟೇ ಅಲ್ಲ; ಮಣಿಯನ್ನು ಸರಿಸಿ, ಕುದುರೆಯ ಮೇಲೆ ತಂತಿಯ ಕೆಳಗಿರುವ ನೂಲಿನ ಎಳೆಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ, ನಾದ ಅರಳುವ ಜಾಗವನ್ನು ಕಿವಿಯಿಂದಲೇ ಹುಡುಕಬೇಕು. ಆ ಎಳೆ ಎಲ್ಲಿರಬೇಕೆಂದು ಯಾರೂ ಬರೆದಿಟ್ಟಿಲ್ಲ. ಇಂದು ಇದ್ದ ಜಾಗ ನಾಳೆಯ ತೇವದ ಗಾಳಿಗೆ ಒಪ್ಪದೆ ಹೋಗಬಹುದು. ಎಪ್ಪತ್ತರ ದಶಕದ ಕೊನೆಯಲ್ಲಿ, ಎಂಜಿನಿಯರೂ ಕೊಳಲುವಾದಕರೂ ಆದ ಬೆಂಗಳೂರಿನ ಜಿ. ರಾಜನಾರಾಯಣ ಅವರು ರಾಡೆಲ್ ಸಂಸ್ಥೆಯ ಮೂಲಕ ವಿದ್ಯುನ್ಮಾನ ತಂಬೂರಿಯನ್ನು ತಂದರು. ಒಂಟಿಯಾಗಿ ಸಾಧನೆ ಮಾಡುವ ಸಾವಿರಾರು ವಿದ್ಯಾರ್ಥಿಗಳಿಗೆ, ತಂಬೂರಿ ಹಿಡಿಯಲು ಇನ್ನೊಬ್ಬರಿಲ್ಲದ ಮನೆಗಳಿಗೆ ಅದರಿಂದ ಆದ ಉಪಕಾರವನ್ನು ನಾನು ಅಲ್ಲಗಳೆಯಲಾರೆ. ಆದರೂ ಸಂಗೀತದ ಮನೆಗಳಲ್ಲಿ ಹಿರಿಯರು ಶಿಷ್ಯರ ಕೈಗೆ ಮರದ ತಂಬೂರಿಯನ್ನೇ ಕೊಟ್ಟು ಶ್ರುತಿ ಕೂಡಿಸಲು ಹೇಳುವುದನ್ನು ಬಿಟ್ಟಿಲ್ಲ. ಶ್ರುತಿ ಕೂಡಿಸುವ ಆ ಕಾಲು ಗಂಟೆಯೇ ಪಾಠದ ಮೊದಲ ಭಾಗವೆಂಬುದು ಅವರ ಎಣಿಕೆ.

ಪಿಟೀಲು ಚೌಡಯ್ಯನವರ (1895–1967) ವಿಷಯ ಇನ್ನೂ ಮುಂದಕ್ಕೆ ಹೋಗುತ್ತದೆ. ಮೈಕುಗಳಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿನ ಶ್ರೋತೃವಿಗೂ ನಾದ ಮುಟ್ಟಬೇಕೆಂದು ಅವರು ನಾಲ್ಕು ತಂತಿಯ ವಾದ್ಯಕ್ಕೆ ಮೂರನ್ನು ಸೇರಿಸಿ ಏಳು ತಂತಿಯದನ್ನಾಗಿ ಮಾಡಿಕೊಂಡರು. ಐರೋಪ್ಯರು ಶತಮಾನಗಳ ಅನುಭವದಿಂದ ನಿಶ್ಚಯಿಸಿದ ಜೋಡಣೆಯನ್ನು ಬದಲಿಸುವ ಅಧಿಕಾರ ತಿರುಮಕೂಡಲಿನ ಒಬ್ಬ ವಿದ್ವಾಂಸನಿಗೆ ಎಲ್ಲಿಂದ ಬಂತು? ಮುಂದೆ ಕುಳಿತ ಸಭೆಯಿಂದ ಬಂತು ಎನ್ನದೆ ಬೇರೆ ಉತ್ತರ ನನಗೆ ಕಾಣದು. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನ ಇಂದು ಆ ವಾದ್ಯದ ಆಕಾರದಲ್ಲೇ ನಿಂತಿದೆ.

ಇನ್ನು ಕ್ಯಾಸೆಟ್ಟಿನ ವಿಷಯ. ನಮ್ಮ ತಾಯಿಯವರಿಗೆ ಜಿನಸ್ತುತಿಗಳು, ಮಂಗಳಾರತಿಯ ಹಾಡುಗಳು, ಮದುವೆಯ ಹಸೆಗೆ ಹೇಳುವ ಹಾಡುಗಳು ಬಹಳ ಬರುತ್ತಿದ್ದವು. ಅವುಗಳಲ್ಲಿ ಕೆಲವು ಅವರ ತವರಿನವು, ಎಲ್ಲಿಯೂ ಅಚ್ಚಾಗಿಲ್ಲ. 1988ರಲ್ಲಿ ನನ್ನ ತಮ್ಮ ಒಂದು ಟೇಪ್ ರೆಕಾರ್ಡರ್ ತಂದು, ಪಡಸಾಲೆಯಲ್ಲಿ ಅವರನ್ನು ಕೂರಿಸಿ, ಶ್ರುತಿಪೆಟ್ಟಿಗೆಯೊಡನೆ ಹಾಡಿಸಿ ಮುದ್ರಿಸಿಕೊಂಡ. ಎರಡು ಬದಿಗೂ ಸೇರಿ ಹದಿನಾರು ಹಾಡುಗಳು. ತಾಯಿಯವರು 1999ರಲ್ಲಿ ತೀರಿಕೊಂಡರು. ನಮ್ಮ ಭಾಗದ ಬಸದಿಯೊಂದರ ಮಹಿಳಾ ಭಜನಾ ಮಂಡಳಿಯವರು ಈ ಹಾಡುಗಳನ್ನು ಕಲಿಯಬೇಕೆಂದು ನನ್ನ ತಂಗಿಯನ್ನು ಕೇಳುತ್ತಿದ್ದರು. ತಂಗಿಗೆ ಅರ್ಧದಷ್ಟು ಬರುತ್ತವೆ. ಉಳಿದವಕ್ಕೆ ಆ ಟೇಪೇ ಗತಿ. ಕಳೆದ ಚಳಿಗಾಲದಲ್ಲಿ ರಜೆಯ ಮೇಲೆ ಬಂದಿದ್ದ ತಮ್ಮನ ಮಗ, “ದೊಡ್ಡಪ್ಪಾ, ನಾನು ಇದನ್ನು ಸ್ವಚ್ಛ ಮಾಡಿ, ಹಿನ್ನೆಲೆಗೆ ಮೆಲ್ಲಗೆ ಗಿಟಾರು ಸೇರಿಸಿ ಕೊಡುತ್ತೇನೆ, ಎಲ್ಲರ ಫೋನಿಗೂ ಕಳುಹಿಸಬಹುದು” ಎಂದ. ಅವನ ಬಳಿ ಇದ್ದುದು ಗಿಟಾರಿನ ತಂತ್ರಾಂಶ. ಗಿಟಾರಿನ ನಾದವನ್ನು ಶುದ್ಧಗೊಳಿಸುವ ಉಪಕರಣಗಳು ಧ್ವನಿಯನ್ನೂ ಶುದ್ಧಗೊಳಿಸಬಲ್ಲವು ಎಂಬುದು ಅವನ ಲೆಕ್ಕ. ಅದು ತಕ್ಕಮಟ್ಟಿಗೆ ಸರಿಯೂ ಹೌದು.

ಒಂದು ಸಂಜೆಯೊಳಗೆ ಮೊದಲ ಹಾಡು ಸಿದ್ಧವಾಯಿತು. ಕೇಳಿದರೆ ಬೆರಗು: ಟೇಪಿನ ‘ಸ್ಸ್’ ಎಂಬ ಸದ್ದು ಮಾಯ, ಧ್ವನಿ ಎದುರಿಗೆ ಕುಳಿತಂತೆ ದೊಡ್ಡದು, ಸುತ್ತ ಗಿಟಾರಿನ ಮೋಡ. ನನ್ನ ತಂಗಿ ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳುವಾಗ ನಿಲ್ಲಿಸಲು ಹೇಳಿ, “ಅಣ್ಣಾ, ಅಮ್ಮ ಸಾಲಿನ ಕೊನೆಯಲ್ಲಿ ಸ್ವರವನ್ನು ಹೀಗೆ ಕತ್ತರಿಸುತ್ತಿರಲಿಲ್ಲ” ಎಂದಳು. ಹೌದು, ತಾಯಿಯವರ ಹಾಡಿಕೆಯ ಗುರುತೇ ಅದು. ಪ್ರತಿ ಸಾಲಿನ ಕೊನೆಯ ಅಕ್ಷರವನ್ನು ಅವರು ಸಣ್ಣದಾಗಿಸುತ್ತ, ಸ್ವರದಿಂದ ಒಂದಿಷ್ಟು ಕೆಳಕ್ಕೆ ಜಾರಿಸಿ, ಉಸಿರೆಳೆದು, ಮುಂದಿನ ಸಾಲನ್ನು ಎತ್ತಿಕೊಳ್ಳುತ್ತಿದ್ದರು. ಹೊಸ ಪ್ರತಿಯಲ್ಲಿ ಜಾರು ಇಲ್ಲ, ಉಸಿರೂ ಇಲ್ಲ. ಸಾಲು ಮುಗಿಯುತ್ತಲೇ ಕದ ಹಾಕಿಕೊಂಡಂತೆ ನಿಶ್ಶಬ್ದ.

ಕಾರಣವನ್ನು ತಮ್ಮನ ಮಗನೇ ಹುಡುಕಿ ಹೇಳಿದ. ಅವನು ಆರಿಸಿದ ಸಿದ್ಧ ಜೋಡಣೆಯಲ್ಲಿ ನಾಯ್ಸ್ ಗೇಟ್ ಎಂಬ ಅಂಗವಿದೆ. ಹೆಸರೇ ಹೇಳುವಂತೆ ಅದೊಂದು ಬಾಗಿಲು. ನಾದದ ಮಟ್ಟ ಒಂದು ಗೊತ್ತಾದ ಗೆರೆಗಿಂತ ಮೇಲಿದ್ದರೆ ಬಾಗಿಲು ತೆರೆದಿರುತ್ತದೆ, ಕೆಳಗಿಳಿದರೆ ಮುಚ್ಚಿಕೊಳ್ಳುತ್ತದೆ. ಕರ್ಕಶವಾಗಿ ಗರ್ಜಿಸುವ ಗಿಟಾರಿಗೆ ಅದು ಅಗತ್ಯ. ಏಕೆಂದರೆ ಆ ಬಗೆಯ ವಾದನದಲ್ಲಿ ತಂತಿ ನಿಂತ ಮೇಲೆ ಉಳಿಯುವುದೆಲ್ಲ ಗೊರಗೊರ ಸದ್ದೇ. ಗೆರೆಯನ್ನು ಎತ್ತರದಲ್ಲಿಟ್ಟವನು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದ. ಅವನ ಕಣ್ಣ ಮುಂದೆ ಇದ್ದುದು ಗರ್ಜಿಸುವ ಗಿಟಾರು; ಸಾಲಿನ ಕೊನೆಯಲ್ಲಿ ಸಣ್ಣಗಾಗುವ ಅರವತ್ತೆರಡು ವರ್ಷದ ಹೆಂಗಸಿನ ಕಂಠವಲ್ಲ. ಅವನ ಗೆರೆಯ ಕೆಳಗೆ ಬಿದ್ದುದೆಲ್ಲ ಕಸ. ನಮ್ಮ ಹಾಡಿನ ಜೀವ ಇದ್ದುದು ಆ ಗೆರೆಯ ಕೆಳಗೇ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಆ ಪ್ರತಿ ಹಾಗೆಯೇ ಫೋನುಗಳಿಗೆ ಹೋಗಿದ್ದರೆ ಮಂಡಳಿಯ ಇಪ್ಪತ್ತು ಹೆಂಗಸರು ಆ ಹಾಡನ್ನು ಕತ್ತರಿಸಿದ ಕೊನೆಗಳೊಡನೆಯೇ ಕಲಿಯುತ್ತಿದ್ದರು. ಅವರಿಂದ ಅವರ ಹೆಣ್ಣುಮಕ್ಕಳು ಕಲಿಯುವರು. ಬಾಯಿಂದ ಬಾಯಿಗೆ ಬಂದ ಹಾಡಿಗೆ ಮೂಲಪ್ರತಿ ಎಂಬುದಿಲ್ಲ. ಕೊನೆಯದಾಗಿ ಹಾಡಿದವರು ಹೇಗೆ ಹಾಡಿದರೋ ಅದೇ ಮೂಲ. ಓಲೆಗರಿಯನ್ನು ಪ್ರತಿಮಾಡುವ ಲಿಪಿಕಾರನು ಒಂದು ಅಕ್ಷರ ಬಿಟ್ಟರೆ ಇನ್ನೊಂದು ಪ್ರತಿಯೊಡನೆ ಹೋಲಿಸಿ ತಿದ್ದಬಹುದು. ನಮ್ಮ ಟೇಪಿಗೆ ಹೋಲಿಸಲು ಇನ್ನೊಂದು ಇಲ್ಲ.

ತಮ್ಮನ ಮಗ ಸುಮ್ಮನೆ ಒಪ್ಪಲಿಲ್ಲ. ಒಪ್ಪದಿದ್ದುದು ನನಗೆ ಸಂತೋಷವೇ. “ದೊಡ್ಡಪ್ಪಾ, ನೀವು ದಿನವೂ ಪಂಚಾಂಗ ನೋಡಿ ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುತ್ತೀರಿ. ಆ ಲೆಕ್ಕ ನೀವು ಮಾಡಿದ್ದೇ? ಬಲ್ಲವರು ಮಾಡಿಟ್ಟಿದ್ದನ್ನು ನಂಬುವುದು ತಪ್ಪಾದರೆ ಯಾವ ಕೆಲಸವೂ ಸಾಗದು” ಎಂದ. ಮಾತು ತೂಕದ್ದು. ನಾನು ಗಣಿತದ ಮೇಷ್ಟರಾಗಿ ನಿವೃತ್ತನಾದವನು, ಆದುದರಿಂದ ಲೆಕ್ಕದಿಂದಲೇ ಉತ್ತರ ಕೊಡಬೇಕಾಯಿತು. ಭೂಮಿಯ ಮೇಲೆ ಒಂದು ರೇಖಾಂಶ ಪಶ್ಚಿಮಕ್ಕೆ ಸರಿದರೆ ಸೂರ್ಯನು ನಾಲ್ಕು ನಿಮಿಷ ತಡವಾಗಿ ಮುಳುಗುತ್ತಾನೆ. ಬೆಂಗಳೂರಿಗೂ ನಮ್ಮ ಚನ್ನರಾಯಪಟ್ಟಣದ ಸೀಮೆಗೂ ಒಂದು ರೇಖಾಂಶಕ್ಕಿಂತ ತುಸು ಹೆಚ್ಚು ಅಂತರ. ಹಾಗಾಗಿ ಬೆಂಗಳೂರಿಗೆಂದು ಗಣಿಸಿದ ಸೂರ್ಯಾಸ್ತ ಇಲ್ಲಿ ಸುಮಾರು ಐದು ನಿಮಿಷ ಮುಂಚೆಯೇ ಬರೆದಂತಾಗುತ್ತದೆ. ಪಂಚಾಂಗ ಮಾಡಿದವರಿಗೆ ಇದು ಗೊತ್ತು. ಅದಕ್ಕೇ ದೇಶಾಂತರ ಸಂಸ್ಕಾರವೆಂದು ತಿದ್ದುವ ಕ್ರಮವನ್ನೂ ಅವರು ಹೇಳಿಟ್ಟಿದ್ದಾರೆ. ಯಾವ ಊರಿಗೆ ಗಣಿಸಿದ್ದು ಎಂಬುದನ್ನು ಮುಖಪುಟದಲ್ಲೇ ಅಚ್ಚುಹಾಕುತ್ತಾರೆ. ನಿನ್ನ ಸಿದ್ಧ ಜೋಡಣೆ ಯಾವ ಊರಿಗೆ ಗಣಿಸಿದ್ದು ಎಂದು ಎಲ್ಲಿ ಬರೆದಿದೆ, ಎಂದು ಕೇಳಿದೆ. ಅವನು ನಕ್ಕು, ಬರೆದಿಲ್ಲ, ಆದರೆ ಹುಡುಕಬಹುದು ಎಂದ.

ಹುಡುಕಿದ ಮೇಲೆ ದೊರೆತ ಮೊದಲ ಸಂಗತಿ ನಮ್ಮನ್ನು ನಗಿಸಿತು. ಟೇಪಿನ ಹಿನ್ನೆಲೆಯಲ್ಲಿ ಮಂದ್ರದಲ್ಲಿ ಗುಂಯ್ ಎನ್ನುವ ಸದ್ದೊಂದಿತ್ತು, ವಿದ್ಯುತ್ತಿನ ಸದ್ದು. ಅದನ್ನು ತೆಗೆಯುವ ಅಂಗವೂ ಜೋಡಣೆಯಲ್ಲಿತ್ತು, ಆದರೆ ಸದ್ದು ಹಾಗೆಯೇ ಉಳಿದಿತ್ತು. ಕಾರಣವೇನೆಂದರೆ, ಅಮೆರಿಕದ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 60 ಸಲ ಕಂಪಿಸುತ್ತದೆ, ನಮ್ಮಲ್ಲಿ 50 ಸಲ. ಜೋಡಣೆ 60ಕ್ಕೆ ಗುರಿಯಿಟ್ಟಿತ್ತು. ಇಲ್ಲದ ಸದ್ದನ್ನು ಅದು ಶ್ರದ್ಧೆಯಿಂದ ತೆಗೆಯುತ್ತಿತ್ತು, ಇರುವ ಸದ್ದನ್ನು ಹಾಗೆಯೇ ಬಿಡುತ್ತಿತ್ತು. ತಮ್ಮನ ಮಗ ಗುಂಡಿಯನ್ನು 50ಕ್ಕೆ ತಂದ. ಸದ್ದು ತಗ್ಗಿತು, ಹೋಗಲಿಲ್ಲ. ಮೆಲ್ಲನೆ ಮೇಲಕ್ಕೆ ಸರಿಸುತ್ತ ಹೋದಾಗ 51.5ರ ಹತ್ತಿರ ಸದ್ದು ಅಡಗಿತು.

ಅದೇ ವೇಳೆಗೆ ಗಿಟಾರಿನ ತೊಡಕೂ ಎದ್ದಿತ್ತು. ವಾದ್ಯವನ್ನು ಶ್ರುತಿಗೊಳಿಸುವ ಸಾಧನ ಜಗತ್ತಿನ ಒಪ್ಪಂದದಂತೆ ‘ಎ’ ಸ್ವರ 440 ಎಂದು ಹಿಡಿದಿರುತ್ತದೆ. 1955ರಿಂದ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ನಿರ್ಣಯವೂ ಹಾಗೆಯೇ ಇದೆ. ಟೇಪಿನಲ್ಲಿ ತಾಯಿಯವರ ಷಡ್ಜ ಎರಡು ಮೆಟ್ಟಿಲುಗಳ ನಡುವೆ ಬೀಳುತ್ತಿತ್ತು. ಹತ್ತಿರದ ಸ್ವರಕ್ಕೆ ಎಳೆದು ಕೂರಿಸುವ ಸೌಲಭ್ಯ ತಂತ್ರಾಂಶದಲ್ಲಿದೆ. ಒಂದು ಗುಂಡಿ ಒತ್ತಿದರೆ ಸಾಕು. ಆದರೆ ಯಾವ ಕಡೆಗೆ ಎಳೆಯಬೇಕು? ಅಟ್ಟದ ಮೇಲಿದ್ದ ಹಳೆಯ ಶ್ರುತಿಪೆಟ್ಟಿಗೆಯನ್ನು ತಂಗಿ ಇಳಿಸಿ ತಂದಳು. ಅದೇ ಪೆಟ್ಟಿಗೆ, ಅಂದು ಅಮ್ಮ ಇಟ್ಟುಕೊಂಡಿದ್ದ ಅದೇ ಮನೆ. ಟೇಪಿನೊಳಗಿನ ಪೆಟ್ಟಿಗೆ ಎದುರಿಗಿದ್ದ ಪೆಟ್ಟಿಗೆಗಿಂತ ಸುಮಾರು ಅರ್ಧ ಮೆಟ್ಟಿಲು ಮೇಲಿತ್ತು. ಒಂದು ಮೆಟ್ಟಿಲೆಂದರೆ ವೇಗದಲ್ಲಿ ನೂರಕ್ಕೆ ಆರರಷ್ಟು ಅಂತರ. ಅರ್ಧ ಮೆಟ್ಟಿಲೆಂದರೆ ನೂರಕ್ಕೆ ಮೂರು. 50ಕ್ಕೆ ನೂರಕ್ಕೆ ಮೂರು ಸೇರಿಸಿದರೆ 51.5. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕೆಂಬುದು ನಿಯಮ. ಅಂದಿನ ಯಂತ್ರ ತುಸು ನಿಧಾನವಾಗಿ ಓಡಿ ಮುದ್ರಿಸಿತ್ತು, ಆದುದರಿಂದ ಇಂದು ಎಲ್ಲವೂ ತುಸು ವೇಗವಾಗಿ ಕೇಳುತ್ತಿತ್ತು. ವಿದ್ಯುತ್ತಿನ ಸದ್ದು, ಶ್ರುತಿಪೆಟ್ಟಿಗೆ ಎರಡೂ ಒಂದೇ ಸಾಕ್ಷಿ ನುಡಿದವು. ವೇಗವನ್ನು ತಗ್ಗಿಸಿ ಕೇಳಿದಾಗ ತಂಗಿ ಏನೂ ಹೇಳದೆ ಒಳಗೆ ಹೋದಳು. ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ನಾವು ಆ ಟೇಪಿನಲ್ಲಿ ಕೇಳಿದ್ದು ತುಸು ಎಳೆಯ ಪ್ರಾಯದ, ತುಸು ಅವಸರದ ಧ್ವನಿಯನ್ನು. ಗುಂಯ್ ಎಂಬ ಆ ಸದ್ದನ್ನು ಮೊದಲ ದಿನವೇ ಸಿದ್ಧ ಜೋಡಣೆ ಪೂರ್ಣವಾಗಿ ಅಳಿಸಿಬಿಟ್ಟಿದ್ದರೆ ಎರಡರಲ್ಲಿ ಒಂದು ಸಾಕ್ಷಿಯನ್ನು ಕಳೆದುಕೊಳ್ಳುತ್ತಿದ್ದೆವು.

ಗಿಟಾರನ್ನು ಆತ ಕೊನೆಗೆ ಆ ಶ್ರುತಿಪೆಟ್ಟಿಗೆಗೇ ಕಿವಿಯಿಂದ ಹೊಂದಿಸಿಕೊಂಡ. ಸಾಧನದ ಕೆಂಪು ದೀಪ ತಪ್ಪು ತಪ್ಪು ಎಂದು ಹೊಳೆಯುತ್ತಲೇ ಇತ್ತು. ಅದನ್ನು ಆರಿಸಿ ಬದಿಗಿಟ್ಟ.

ಗಿಟಾರಿನ ಬಣ್ಣದ ವಿಷಯದಲ್ಲಿ ಒಂದು ಗುಟ್ಟನ್ನು ಅವನೇ ನನಗೆ ತಿಳಿಸಿದ. ಸಿದ್ಧ ಜೋಡಣೆಗಳನ್ನು ಬಹುಮಟ್ಟಿಗೆ ಒಂಟಿ ವಾದ್ಯಕ್ಕೆಂದು, ಕೇಳಿದೊಡನೆ ಮನಸೆಳೆಯುವಂತೆ ಮಾಡಿರುತ್ತಾರೆ: ಕೆಳಗೆ ತುಂಬು ಮಂದ್ರ, ಮೇಲೆ ಹೊಳಪು, ಸುತ್ತಲೂ ಪ್ರತಿಧ್ವನಿ. ಅಂಗಡಿಯಲ್ಲಿ ಅದು ಸೊಗಸು. ಹಾಡುವವರ ಪಕ್ಕದಲ್ಲಿ ಕುಳಿತಾಗ ಅದೇ ಸೊಗಸು ಅವರ ಜಾಗವನ್ನು ಆಕ್ರಮಿಸುತ್ತದೆ. ಇನ್ನೊಂದು ಸಂಗತಿ ಎಲ್ಲರೂ ತಿಳಿಯಬೇಕಾದದ್ದು. ಎರಡು ನಾದಗಳಲ್ಲಿ ತುಸು ಜೋರಾಗಿರುವುದನ್ನೇ ಕಿವಿ ಉತ್ತಮವೆಂದು ನಂಬುತ್ತದೆ. ಆದುದರಿಂದ ಹೋಲಿಸುವ ಮುನ್ನ ಎರಡರ ಮಟ್ಟವನ್ನೂ ಸಮ ಮಾಡಿಕೊಳ್ಳಬೇಕು. ಹಾಗೆ ಸಮಮಾಡಿ ಕೇಳಿದಾಗ ಅವನು ಬಹುವಾಗಿ ಮೆಚ್ಚಿದ್ದ ಮೂರು ಜೋಡಣೆಗಳಲ್ಲಿ ಎರಡು ಸಪ್ಪೆಯೆನಿಸಿದವು. ಮಾತಿನಲ್ಲಿಯೂ ಹಾಗೆಯೇ ಅಲ್ಲವೇ, ಸಭೆಯಲ್ಲಿ ಗಟ್ಟಿಯಾಗಿ ಹೇಳಿದವರದೇ ನಿರ್ಣಯವಾಗುವುದನ್ನು ನಾವೆಲ್ಲ ಕಂಡಿದ್ದೇವೆ.

ಮಾರ್ದನಿಯ ವಿಷಯಕ್ಕೆ ಬಂದಾಗ ಬಸದಿಗಳ ಆಡಳಿತ ನಡೆಸುವವರ ಗಮನಕ್ಕೆ ಎರಡು ಮಾತು ತರಬಯಸುತ್ತೇನೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. 17 ಮೀಟರ್ ದೂರದ ಗೋಡೆಯಿಂದ ಮರಳುವ ದನಿ ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ ಕಿವಿಗೆ ಬರುತ್ತದೆ. ಕಲ್ಲಿನ ಗೋಡೆ, ಕಲ್ಲಿನ ಚಾವಣಿ, ನುಣುಪಾದ ಕಂಬಗಳು ದನಿಯನ್ನು ನುಂಗುವುದಿಲ್ಲ, ಹಿಂದಕ್ಕೆ ಕಳುಹಿಸುತ್ತವೆ. ಶ್ರವಣಬೆಳಗೊಳದಲ್ಲಿ 1159ರಲ್ಲಿ ಹುಳ್ಳನು ಕಟ್ಟಿಸಿದ ಭಂಡಾರಿ ಬಸದಿಯಲ್ಲಾಗಲಿ, ಹಳೇಬೀಡಿನ ಬಸದಿಹಳ್ಳಿಯ ಪಾರ್ಶ್ವನಾಥ ಬಸದಿಯ ಹೊಳಪಿನ ಕಂಬಗಳ ನಡುವೆಯಾಗಲಿ ಮೆಲುದನಿಯಲ್ಲಿ ಒಂದು ಸ್ತುತಿ ಹೇಳಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂತಹ ಕಲ್ಲಿನ ಕಟ್ಟಡಗಳಿಗೆ ಧ್ವನಿವರ್ಧಕ ಜೋಡಿಸಲು ಬಂದವರು ತಮ್ಮ ಯಂತ್ರದ ಎಕೋ ಗುಂಡಿಯನ್ನು ಬಯಲಿನ ಶಾಮಿಯಾನಕ್ಕೆ ಇಡುವಂತೆಯೇ ಇಟ್ಟು ಹೋಗುತ್ತಾರೆ. ಮಾರ್ದನಿಯ ಮೇಲೆ ಮಾರ್ದನಿ ಬಿದ್ದು, ಪೂಜೆಯ ಮಂತ್ರದಲ್ಲಿ ಒಂದು ಅಕ್ಷರವೂ ತಿಳಿಯದಂತಾಗುತ್ತದೆ. ಆ ಗುಂಡಿಯನ್ನು ಸೊನ್ನೆಗೆ ತರಲು ತಜ್ಞರು ಬೇಕಿಲ್ಲ. ಕಟ್ಟಿದ ಶಿಲ್ಪಿಯು ಎಕೋ ಆಗಲೇ ಕೊಟ್ಟು ಹೋಗಿದ್ದಾನೆ.

ಇಂದಿನ ತಂತ್ರಾಂಶಗಳಲ್ಲಿ ಒಂದು ಜಾಗದ ಮಾರ್ದನಿಯನ್ನೇ ಹಿಡಿದು ತರುವ ಕ್ರಮವಿದೆ. ಒಂದು ಕ್ಷಣದ ಸದ್ದು ಮಾಡಿ, ಅದು ಆ ಜಾಗದಲ್ಲಿ ಹೇಗೆ ಹರಡಿ ಅಡಗಿತೆಂಬುದನ್ನು ಮುದ್ರಿಸಿಕೊಂಡರೆ, ಮುಂದೆ ಯಾವ ನಾದವನ್ನಾದರೂ ಆ ಜಾಗದಲ್ಲಿ ನುಡಿಸಿದಂತೆ ಮಾಡಬಹುದು. ಸೋನಿ ಸಂಸ್ಥೆ 1999ರಲ್ಲಿ ಇದಕ್ಕೆಂದು ಒಂದು ಯಂತ್ರವನ್ನು ತಂದಿತ್ತು. ಈಗ ಗಿಟಾರಿನ ಧ್ವನಿವರ್ಧಕ ಪೆಟ್ಟಿಗೆಯ ಗುಣವನ್ನು ತಂತ್ರಾಂಶ ಅನುಕರಿಸುವುದೂ ಇದೇ ತತ್ತ್ವದಿಂದ. ತಮ್ಮನ ಮಗ ಬಸದಿಯವರ ಅನುಮತಿ ಪಡೆದು, ಪೂಜೆಯಿಲ್ಲದ ಹೊತ್ತಿನಲ್ಲಿ ನವರಂಗದಲ್ಲಿ ನಿಂತು ಮರದ ಎರಡು ಹಲಗೆಗಳನ್ನು ತಟ್ಟಿ ಆ ಸದ್ದನ್ನು ಮುದ್ರಿಸಿ ತಂದ. ಪಟ್ಟಿಯಲ್ಲಿದ್ದ ಇಗರ್ಜಿಯ ಮಾರ್ದನಿ ನಾಲ್ಕು ಸೆಕೆಂಡಿಗೂ ಮಿಗಿಲಾಗಿ ಎಳೆಯುತ್ತಿತ್ತು. ನಮ್ಮ ನವರಂಗದ್ದು ಒಂದೂವರೆ ಸೆಕೆಂಡಿನೊಳಗೆ ಮುಗಿಯುವ, ಬೆಚ್ಚನೆಯ ಮಾರ್ದನಿ. ಅದನ್ನು ಗಿಟಾರಿಗೆ ಸ್ವಲ್ಪ ಸೇರಿಸಿದ. ಅಮ್ಮನ ಧ್ವನಿಗೆ ಸೇರಿಸುವುದು ಬೇಡವೆಂದು ನಾನು ಹೇಳಿದೆ. ಅವರು ಬಸದಿಯಲ್ಲಿ ಜೀವಮಾನವಿಡೀ ಹಾಡಿದವರು ನಿಜ. ಆದರೆ ಈ ಹಾಡುಗಳನ್ನು ಹಾಡಿದ್ದು ಪಡಸಾಲೆಯಲ್ಲಿ. ಎರಡನೆಯ ಹಾಡಿನ ನಡುವೆ ಬಾವಿಯ ರಾಟೆ ಕಿರುಗುಟ್ಟುವುದು ಕೇಳುತ್ತದೆ. ಅದನ್ನು ತೆಗೆಯಬಾರದೆಂದು ತಂಗಿಯ ಕಟ್ಟಪ್ಪಣೆ.

ಇಷ್ಟನ್ನು ಓದಿ, ಕೈಯಾರೆ ಹೊಂದಿಸುವುದೇ ಸರ್ವಥಾ ಶ್ರೇಷ್ಠವೆಂದು ನಾನು ವಾದಿಸುತ್ತಿರುವೆನೆಂದು ತಿಳಿಯಬಾರದು. ಎರಡನೆಯ ವಾರದಲ್ಲಿ ಕಂಡ ಚಿತ್ರ ಬೇರೆ. ಒಮ್ಮೆ ಗುಂಡಿಗಳ ರುಚಿ ಹತ್ತಿದ ಮೇಲೆ ನಮ್ಮ ಹುಡುಗ ರಾತ್ರಿ ಹನ್ನೊಂದರವರೆಗೂ ಅವನ್ನೇ ತಿರುಗಿಸುತ್ತ ಕುಳಿತ. ಕಂಪ್ರೆಸರ್ ಎಂಬ ಅಂಗ ಎಷ್ಟು ಬೇಗ ಎಚ್ಚರಗೊಳ್ಳಬೇಕು, ಸೆಕೆಂಡಿನ ಸಾವಿರದ ಹನ್ನೆರಡು ಭಾಗದಲ್ಲೋ ಹದಿನೈದರಲ್ಲೋ ಎಂಬುದಕ್ಕೆ ಒಂದು ಸಂಜೆ. ನಾಲ್ಕು ದಿನ ಗಿಟಾರಿನ ತಂತಿಯನ್ನು ಆತ ಮುಟ್ಟಲೇ ಇಲ್ಲ. ದಣಿದ ಕಿವಿಗೆ ಎಲ್ಲವೂ ಸರಿಯಾಗಿ, ಮರುಕ್ಷಣ ಎಲ್ಲವೂ ತಪ್ಪಾಗಿ ಕೇಳತೊಡಗಿತು. ಹೊಂದಿಸುವುದಕ್ಕೆ ಮಿತಿಯಿಲ್ಲದಿದ್ದಾಗ ಅದೂ ಒಂದು ಬಗೆಯ ಪರಿಗ್ರಹವೇ. ಜೋಡಣೆಗಳನ್ನು ಸಾವಿರಗಟ್ಟಲೆ ಕೂಡಿಹಾಕುವ ಇನ್ನೊಂದು ಬಗೆಯವರಿಗಿಂತ ಇವರನ್ನು ಮೇಲೆಂದು ನಾನು ಹೇಳಲಾರೆ. ಒಬ್ಬರಿಗೆ ಕೇಳುವ ಶ್ರಮ ಬೇಡ, ಇನ್ನೊಬ್ಬರಿಗೆ ನಿಲ್ಲಿಸುವ ಧೈರ್ಯವಿಲ್ಲ. ತಂಬೂರಿಯ ಶ್ರುತಿ ಕೂಡಿದ ಮೇಲೆ ಹಾಡಲು ತೊಡಗಬೇಕಲ್ಲದೆ ಕಚೇರಿಯಿಡೀ ಬಿರಡೆ ತಿರುಗಿಸುತ್ತ ಕೂರಲಾಗದು.

ಕೊನೆಗೆ ನಾವು ಒಂದು ಕ್ರಮ ಮಾಡಿಕೊಂಡೆವು. ಹತ್ತಿರದ ಸಿದ್ಧ ಜೋಡಣೆಯೊಂದರಿಂದಲೇ ಆರಂಭಿಸುವುದು, ಏಕೆಂದರೆ ಬರಿದಾದ ಹಲಗೆಯಿಂದ ತೊಡಗುವಷ್ಟು ವಿದ್ಯೆ ನಮ್ಮಿಬ್ಬರಲ್ಲಿಯೂ ಇಲ್ಲ. ಅದರಲ್ಲಿ ಏನೇನಿದೆ ಎಂದು ಒಂದೊಂದನ್ನೂ ಆರಿಸಿ, ಮತ್ತೆ ಹೊತ್ತಿಸಿ ಕೇಳುವುದು. ಯಾವುದು ಏನು ಮಾಡುತ್ತಿದೆ ಎಂದು ಬಾಯಿಬಿಟ್ಟು ಹೇಳಲಾಗದಿದ್ದರೆ ಅದನ್ನು ತೆಗೆದುಹಾಕುವುದು. ತಿದ್ದಿದ್ದನ್ನು ಆ ದಿನವೇ ಒಪ್ಪದೆ ಬೆಳಿಗ್ಗೆ ತಂಗಿಗೆ ಕೇಳಿಸುವುದು, ಅವಳು ಅಮ್ಮನ ಸಾಲಿನ ಕೊನೆಗಳು ಉಳಿದಿವೆ ಎಂದರೆ ಅಲ್ಲಿಗೆ ಕೈಬಿಡುವುದು. ಮೊದಲ ಬದಿಯ ಎಂಟು ಹಾಡುಗಳು ಈ ರೀತಿ ಎರಡು ವಾರಗಳಲ್ಲಿ ಮುಗಿದವು. ನಾಯ್ಸ್ ಗೇಟನ್ನು ಪೂರಾ ತೆಗೆದಿದ್ದಾನೆ. ಟೇಪಿನ ‘ಸ್ಸ್’ ಸದ್ದು ಸ್ವಲ್ಪ ಇದೆ. ಗಿಟಾರಿಗೆ ಗರ್ಜನೆಯಿಲ್ಲ; ಷಡ್ಜ ಪಂಚಮಗಳನ್ನು ಹಿಡಿದು, ಸಾಲಿನ ಕೊನೆಯಲ್ಲಿ ಅಜ್ಜಿ ಜಾರುವಲ್ಲಿ ತಾನೂ ತಂತಿಯನ್ನು ಒತ್ತಿ ಜಾರುತ್ತಾನೆ. ಮಂಡಳಿಯವರು ಮೂರು ಹಾಡುಗಳನ್ನು ಕಲಿತಿದ್ದಾರೆ.

ಮೊದಲ ಬದಿ ಮುಗಿದ ದಿನ ಆತ ಆ ಎಲ್ಲ ಗುಂಡಿಗಳ ಸ್ಥಿತಿಯನ್ನು ಒಂದು ಹೊಸ ಪ್ರೀಸೆಟ್ ಆಗಿ ಉಳಿಸಿ, ಅದಕ್ಕೆ ‘ಅಜ್ಜಿ’ ಎಂದು ಹೆಸರಿಟ್ಟ. ಎರಡನೆಯ ಬದಿಗೆ ಅದನ್ನೇ ಹಚ್ಚಿ ಕೇಳಿದೆವು. ಆ ಬದಿಯಲ್ಲಿ ಗುಂಯ್ ಎಂಬ ಸದ್ದೇ ಇರಲಿಲ್ಲ; ಅಂದು ಕರೆಂಟು ಹೋಗಿ, ಉಳಿದ ಹಾಡುಗಳನ್ನು ಬ್ಯಾಟರಿಯ ಮೇಲೆ ಮುದ್ರಿಸಿದ್ದೆಂದು ನನ್ನ ತಮ್ಮ ಫೋನಿನಲ್ಲಿ ನೆನಪು ಮಾಡಿಕೊಂಡು ಹೇಳಿದ. ಬ್ಯಾಟರಿ ಇಳಿಯುತ್ತ ಹೋದಂತೆ ಯಂತ್ರ ನಿಧಾನವಾಗಿದೆ. ಆದುದರಿಂದ ಈಗ ಕೇಳುವಾಗ ಹಾಡಿನಿಂದ ಹಾಡಿಗೆ ಶ್ರುತಿ ಏರುತ್ತ ಹೋಗುತ್ತದೆ, ಕೊನೆಯ ಹಾಡಿನೊಳಗೆ ಮೊದಲ ಸಾಲಿಗೂ ಮಂಗಳಕ್ಕೂ ಒಂದೇ ಷಡ್ಜವಿಲ್ಲ. ಒಂದು ತಿದ್ದುಪಡಿ ಇಡೀ ಬದಿಗೆ ಸಾಲದು. ಹುಡುಗ ಈಗ ಶ್ರುತಿಪೆಟ್ಟಿಗೆಯನ್ನು ಬೆಂಗಳೂರಿಗೆ ಒಯ್ದಿದ್ದಾನೆ. ಭಾನುವಾರಗಳಲ್ಲಿ ಸಾಲು ಸಾಲಾಗಿ ಹೊಂದಿಸಿ, ತಂಗಿಯ ಫೋನಿಗೆ ಕಳುಹಿಸುತ್ತಾನೆ. ಇದನ್ನು ಬರೆಯುವ ಹೊತ್ತಿಗೆ ಆ ಬದಿಯಲ್ಲಿ ಇನ್ನೂ ಐದು ಹಾಡುಗಳು ಬಾಕಿ ಇವೆ.